ಹೊಂಡದ ನೀಲಿ ಉರಿ

ಸವಣೂರಿನ ವೀಳ್ಯದೆಲೆ ತೋಟದವರು ಬೇಸಿಗೆಯಲ್ಲಿ ಹೊಂಡದ ಗೋಡು, ಅಂದರೆ ತಳದ ಕಪ್ಪು ಕೆಸರು, ತೆಗೆದು ಬಳ್ಳಿಯ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ನಮ್ಮ ತೋಟದಲ್ಲಿ ಮೂರು ವರ್ಷ ಅದು ನಿಂತಿತ್ತು. ನಿಲ್ಲಿಸಿದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಜಂಬ ನನಗೆ ಸ್ವಲ್ಪ ಹೆಚ್ಚೇ. "ಪಾಚಿ ಆಮ್ಲಜನಕ ಕೊಡತೈತ್ರಿ, ಹೊಂಡ ಕಲಕಬ್ಯಾಡ್ರಿ" ಎಂದು ಅತ್ತೆಗೆ ಹೇಳಿದ್ದೆ. ಅಕ್ಷರ ಬಾರದ ಅತ್ತೆ ಅದನ್ನೇ ವೇದವಾಕ್ಯ ಮಾಡಿಕೊಂಡು ಅಕ್ಕಪಕ್ಕದ ತೋಟಗಳಿಗೂ ಸಾರಿದರು. ಅವರೂ ಗೋಡು ತೆಗೆಯುವುದನ್ನು ಬಿಟ್ಟರು.

ಈ ಬೇಸಿಗೆ ಬಳ್ಳಿ ಸೊರಗಿತ್ತು. ಹೊಂಡದ ಮೇಲೆ ದಪ್ಪ ಪಾಚಿ. ಅತ್ತೆ ಮೆಲ್ಲಗೆ, "ಗೋಡು ತೆಗಸೂಣೇನ?" ಅಂದರು.

"ಗುಳ್ಳಿ ಹೆಂಗ ಏಳಾಕತ್ತಾವ ನೋಡ್ರಿ, ಎಲ್ಲಾ ಆಮ್ಲಜನಕ. ತೋರಸ್ತೇನಿ ನಿಲ್ರಿ" ಅಂದೆ.

ಎಲೆತೋಟವೆಂದರೆ ದೇವರ ಜಾಗ, ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬರಿಗಾಲಲ್ಲೇ ಹೊಂಡಕ್ಕಿಳಿದೆ. ನೀರು ತುಂಬಿದ ಬಾಟಲಿಗೆ ಲಾಳಿಕೆ ಸಿಕ್ಕಿಸಿ, ನೀರೊಳಗೆ ಬೋರಲು ಹಿಡಿದು, ಕಾಲಿನಿಂದ ಕೆಸರು ಕಲಕಿದೆ. ಗುಳ್ಳೆಗಳು ನನ್ನ ಮೀನಖಂಡ ಸವರಿಕೊಂಡು ಬಾಟಲಿ ಸೇರಿದವು. ಆಮ್ಲಜನಕವಾದರೆ ಊದಿನಕಡ್ಡಿಯ ಕೆಂಡ ಭಗ್ಗನೆ ಹೊತ್ತಬೇಕು. ಈ ಬಾಟಲಿಯೊಳಗೆ ಇಳಿಸಿದರೆ ಆರಿಯೇ ಹೋಯಿತು. ಇನ್ನೊಂದು ಬಾಟಲಿ ತುಂಬಿ, ಮೇಲೆತ್ತಿ, ಅದರ ಬಾಯಿಗೆ ಬೆಂಕಿಕಡ್ಡಿ ಹಿಡಿದೆ. ಬಳ್ಳಿಗಳ ನೆರಳಲ್ಲಿ ತೆಳ್ಳಗಿನ ನೀಲಿ ಉರಿಯೊಂದು ನಿಧಾನವಾಗಿ ಒಳಗಿಳಿಯಿತು.

ಮೀಥೇನ್. ಬೆಪ್ಪಾಗಿ ನಿಂತೆ. ಪಾಚಿ ಬಿಸಿಲಲ್ಲಿ ಆಮ್ಲಜನಕ ಕೊಡುವುದು ಸುಳ್ಳಲ್ಲ. ಆದರೆ ಅದು ಸತ್ತು ತಳಕ್ಕಿಳಿದ ಮೇಲಿನ ಕಥೆಯನ್ನು ನಾನು ಹೇಳಿರಲೇ ಇಲ್ಲ. ಗಾಳಿಯಾಡದ ಕೆಸರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಉಂಡು ಈ ಅನಿಲ ಬಿಡುತ್ತವೆ. ಮೇಲೇರಿದ ಅನಿಲ ಭೂಮಿಯ ಕಾವು ಹೆಚ್ಚಿಸುತ್ತದೆ. ಪುಸ್ತಕದಲ್ಲಿ ಓದಿದ್ದೆ, ನಮ್ಮ ಹೊಂಡಕ್ಕೆ ಹೊಂದಿಸಿ ನೋಡಿರಲಿಲ್ಲ. ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಆ ಜೀವಿಗಳು ಇದೇ ಕಸುಬು ಮಾಡುತ್ತಿವೆ. ನನ್ನ ಹಿಮ್ಮಡಿಯ ಕೆಳಗೆ ಕೂತು ಇಡೀ ಆಕಾಶದ ಹವೆಗೆ ಕೈ ಹಾಕಿವೆಯಲ್ಲ ಎಂದು ಮೈ ಜುಮ್ಮೆಂದಿತು. ಅವುಗಳಿಗೆ ಮೂರು ವರ್ಷ ಊಟ ಕೂಡಿಟ್ಟವಳು ನಾನೇ.

"ಅತ್ತಿ, ನಾ ಅರ್ಧಾನ ಹೇಳಿದ್ನಿರಿ. ಗೋಡು ತೆಗೀಬೇಕಿತ್ತು" ಅಂದೆ. ನನ್ನ ಮಾತಿಗೆ ಊರಲ್ಲೆಲ್ಲ ಜಾಮೀನಾಗಿದ್ದವರು ಅವರು. ಈಗ ತಲೆ ತಗ್ಗಿಸಬೇಕಾದವರೂ ಅವರೇ ಎಂದು ನನಗೆ ಅಳುವೇ ಬಂತು. ಅತ್ತೆ ಸೆರಗು ಸರಿಮಾಡಿಕೊಂಡು ಪಕ್ಕದ ತೋಟದ ಕಡೆ ಹೊರಟರು.

"ಏನಂತ ಹೇಳ್ತೀರಿ ಅವರಿಗೆ?"

"ನಮ್ಮ ಸೊಸಿ ಇನ್ನೂ ಕಲಿಯಾಕತ್ತಾಳ ಅಂತ ಹೇಳ್ತೇನಿ. ಬಾಟ್ಲಿ ತಗೊಂಡು ನೀನೂ ಬಾ."