ಗೋಳದ ಘನಫಲ ಮತ್ತು ನನ್ನ ಕೈ

ತೇಲುವ ಚೆಂಡನ್ನು ನೀರಿನಲ್ಲಿ ಮುಳುಗಿಸುವುದು ಹೇಗೆ? ಕೈಯಿಂದ ಒತ್ತಬೇಕು, ಮತ್ತೇನು ಎನ್ನುತ್ತೀರಿ. ಕಳೆದ ಭಾನುವಾರ ಮಧ್ಯಾಹ್ನ ಕಡಲ ದಡದ ಮಾವಳ್ಳಿಯ ಅಕ್ಕನ ಮನೆಯ ಅಂಗಳದಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೈ ಏಳಲಿಲ್ಲ.

ಅಕ್ಕನ ಮಗಳು ಶ್ರೇಯಾ ಹತ್ತನೇ ಕ್ಲಾಸು. ಗೋಳದ ಘನಫಲದ ಪ್ರಾಜೆಕ್ಟ್ ಮಾಡುತ್ತಿದ್ದಳು. ಸೂತ್ರದಿಂದ ಒಂದು ಉತ್ತರ. ತುಂಬಿದ ಪಾತ್ರೆಯಲ್ಲಿ ಚೆಂಡು ಮುಳುಗಿಸಿ, ಉಕ್ಕಿದ ನೀರನ್ನು ಅಳೆದರೆ ಇನ್ನೊಂದು. ಎರಡೂ ಒಂದೇ ಆಗಬೇಕು. ಚೆಂಡು ಎಂದರೆ ಬಲೆ ತೇಲಲೆಂದು ಕಟ್ಟುವ ಪ್ಲಾಸ್ಟಿಕ್ ಚೆಂಡು. (ಮೀನುಗಾರರ ಮನೆಯಲ್ಲಿ ಗೋಳಕ್ಕೆ ಬರವೇ?)

"ಮಾಮ, ಇದನ್ನ ಸ್ವಲ್ಪ ಒತ್ತಿ ಹಿಡಿ" ಎಂದಳು.

"ಎಂತಕ್ಕೆ ಇದೆಲ್ಲ?" ಅಕ್ಕ ಒಳಗಿನಿಂದಲೇ ನಕ್ಕಳು. "ಲೆಕ್ಕ ನಮ್ಮ ಮನೆಯವರ ತಲೆಗೆ ಹತ್ತುದಲ್ಲ ಮಗಾ. ನನ್ನನ್ನೇ ನೋಡು."

ಹುಡುಗಿಯ ಮುಖ ಸಣ್ಣಗಾಯಿತು.

ಪಾತ್ರೆಯ ನೀರಿನಲ್ಲಿ ಆಕಾಶ ಮೆಲ್ಲಗೆ ಅಲುಗುತ್ತಿತ್ತು. ನೋಡುತ್ತಾ ನೋಡುತ್ತಾ ಅದು ಹೊನ್ನಾವರದ ನಮ್ಮ ಹಳೆಯ ಅಂಗಳದ ನೀರಾಯಿತು. ಅಲ್ಲಿ ಒಂಬತ್ತನೇ ಕ್ಲಾಸಿನ ಅಕ್ಕ ಮೊಣಕಾಲೂರಿ ಕೂತಿದ್ದಾಳೆ. ಎರಡು ಜಡೆ. ಇಂಥದೇ ಚೆಂಡು.

ನಾನು ಆಗಷ್ಟೇ ಏಳನೇ ಕ್ಲಾಸು ಫೇಲಾಗಿ ಶಾಲೆ ಬಿಟ್ಟಿದ್ದೆ (ನನ್ನ ಓದು ಅಷ್ಟಕ್ಕೇ ನಿಂತಿತು). "ಅಕ್ಕನ್ನ ನೋಡಿ ಕಲಿ" ಎಂದು ಅಪ್ಪ ಬೆಳಿಗ್ಗೆಯೇ ಬೈದಿದ್ದ. ಹೊಟ್ಟೆ ಉರಿಯುತ್ತಿತ್ತು.

"ತಮಾ, ಒಂದೇ ಬೆರಳಲ್ಲಿ ಒತ್ತು, ಆತಾ?" ಎಂದು ಅಕ್ಕ ಉಕ್ಕುವ ನೀರಿನ ಕಡೆ ಬಾಗಿದಳು. ನಾನು ಮಣಿಕಟ್ಟಿನವರೆಗೆ ಇಡೀ ಕೈ ಅದ್ದಿದೆ.

ಸೂತ್ರ ಹೇಳಿದ್ದು ಸಾವಿರದ ನಾನೂರ ಮೂವತ್ತೇಳು ಮಿಲಿಲೀಟರ್. ನೀರು ಹೇಳಿದ್ದು ಸಾವಿರದ ಆರುನೂರರ ಮೇಲೆ. ಹೆಚ್ಚಾದದ್ದು ನನ್ನ ಕೈ. ಅವಳು ಮತ್ತೆ ಮಾಡಿದಳು. ನಾನು ಮತ್ತೆ ಅದ್ದಿದೆ.

ಶಾಲೆಯಲ್ಲಿ ಎಲ್ಲರೂ ನಕ್ಕರಂತೆ. ವಾರವೆಲ್ಲ ಅದೇ ಲೆಕ್ಕವನ್ನು ತಿದ್ದಿದಳು. ಆಮೇಲೆ ತಿದ್ದುವುದನ್ನೂ ಬಿಟ್ಟಳು. ಲೆಕ್ಕದ ಟೀಚರ್ ಆಗಬೇಕೆಂದಿದ್ದವಳು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೇ ಸೋತಳು.

ಹೇಳಬಹುದಿತ್ತಲ್ಲ? ಇಪ್ಪತ್ತೇಳು ವರ್ಷ, ಹಬ್ಬ ಹಬ್ಬಕ್ಕೂ ಅವಳು ಬಡಿಸಿದ್ದನ್ನು ಉಂಡು ಬಂದೆ. ಬಾಯಿ ಬಿಡಲಿಲ್ಲ. ಈಗ ಅವಳ ಮಗಳೂ ಲೆಕ್ಕ ತನ್ನ ತಲೆಗೆ ಹತ್ತದೆಂದೇ ನಂಬಲು ಹೊರಟಿದ್ದಾಳೆ.

ಎದ್ದು ಹೋಗಿ ಹಳೆಯ ಸೈಕಲ್ಲಿನ ಕಡ್ಡಿಯೊಂದನ್ನು ತಂದೆ. ಅದರ ತುದಿಯಿಂದ ಚೆಂಡನ್ನು ಒತ್ತಿದೆ. ಶ್ರೇಯಾ ಅಳೆದಳು. ಸಾವಿರದ ನಾನೂರ ನಲವತ್ತು.

"ಆಯಿ, ಸರಿ ಬಂತು!" ಎಂದು ಅಮ್ಮನನ್ನು ಕೂಗಿದಳು.

ಅಕ್ಕ ಬಾಗಿಲಿಗೆ ಬಂದಳು. "ಹೌದನೇ? ನಂಗೆ ಅವತ್ತು ಬರ್ಲೇ ಇಲ್ಲ."

"ಅವತ್ತು ನಾ ಇಡೀ ಕೈ ಹಾಕಿದ್ದೆ ಅಕ್ಕ" ಎಂದೆ. "ಬೇಕಂತಲೇ. ಎರಡೂ ಸಲ."

ಅವಳು ಬೈಯಲಿಲ್ಲ. ಒದ್ದೆ ಚೆಂಡನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ಹಂಗಾದ್ರೆ ನನ್ನ ಲೆಕ್ಕ ಸರಿಯೇ ಇತ್ತು" ಎಂದಳು. ನನಗೆ ಹೇಳಿದ್ದಲ್ಲ.

ಆಮೇಲೆ ಮಗಳ ಪಕ್ಕ ಕೂತು ಪುಸ್ತಕ ಎಳೆದುಕೊಂಡಳು. "ಈ ಶಂಕುವಿಂದು ಎಂತ ಮಾಡುದು, ಹೇಳಿಕೊಡೇ."

ನಲವತ್ತು ದಾಟಿದವಳನ್ನು ಒಂಬತ್ತನೇ ಕ್ಲಾಸಿನ ಬೆಂಚಿಗೆ ವಾಪಸ್ ಕೂರಿಸಲು ನಾನೀಗ ಯಾರ ಕಾಲು ಹಿಡಿಯಲಿ?