ಧಾರೆ ಸೀರೆಯ ಆರು ಹುಳಗಳು

ಹೋದ ಶನಿವಾರ ನನ್ನ ಧಾರೆ ಸೀರೆಯ ಒಂದು ಚೂರನ್ನು ಕೆರೆಗೆ ಎಸೆದು ಬಂದೆ.

ಗಾಬರಿಯಾಗಬೇಡಿ. ತಲೆ ನೆಟ್ಟಗೇ ಇದೆ.

ಹಳೆಯ ಓದುಗರಿಗೆ ಆ ಸೀರೆ ಗೊತ್ತು. ಲಾಕ್‌ಡೌನ್ ಕಾಲದಲ್ಲಿ ಅದರ ಕಥೆಯನ್ನು ಇದೇ ಅಂಕಣದಲ್ಲಿ ಬರೆದಿದ್ದೆ. ಇಲ್ಲಿ ಜಾರ್ಜಿಯಾದ ಸುವಾನಿ ಊರಿನ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಪುಟ್ಟ ಇಕ್ಕಳ ಕೂರಿಸಿಕೊಂಡು ನಮ್ಮ ಯಜಮಾನರು ಟ್ರೌಟ್ ಮೀನಿನ ಗಾಳಕ್ಕೆಂದು ಸುಳ್ಳು ಹುಳ ಕಟ್ಟುತ್ತಿದ್ದರು. ನಿಂಫ್ ಅಂತ ಅದರ ಹೆಸರು. ರೆಕ್ಕೆ ಮೂಡುವ ಮೊದಲು ನೀರಿನ ತಳದಲ್ಲಿ ಬದುಕುವ ಮರಿಹುಳದ ನಕಲು. ಅಕ್ಕಿಕಾಳಿನಷ್ಟು ಕೊಕ್ಕೆಗೆ ನವಿಲುಗರಿಯ ಎಳೆ ಸುತ್ತಿ (ಗರಿ ನಮ್ಮ ದೇವರ ಮನೆಯದು!), ಅದು ಬಿಚ್ಚದಂತೆ ಮೇಲೆ ತೆಳ್ಳನೆಯ ತಂತಿ ಸುತ್ತಬೇಕು. ಆರ್ಡರ್ ಮಾಡಿದ ತಂತಿ ವಾರಗಟ್ಟಲೆ ಬರಲಿಲ್ಲ. ಇವರ ಕಣ್ಣು ಎಲ್ಲಿ ಬಿತ್ತು ಹೇಳಿ? ನನ್ನ ಮೈಸೂರು ಸಿಲ್ಕ್ ಧಾರೆ ಸೀರೆಯ ಜರಿಯ ಮೇಲೆ. ನನ್ನನ್ನು ಕೇಳದೆ ಒಂದು ತುದಿ ಕತ್ತರಿಸಿಯೇ ಬಿಟ್ಟರು.

"ಒಳಗೆ ಸಿಕ್ಕಿಸೋ ತುದಿ ಕಣೇ, ಯಾರಿಗೆ ಕಾಣುತ್ತೆ?" ಅಂದರು.

"ನನಗೆ ಕಾಣುತ್ತಲ್ಲ!" ಅಂದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅಂಕಣ ಬರೆದೆ.

ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಪಕ್ಕದೂರು ನಾರ್‌ಕ್ರಾಸ್‌ನ ಅಂಗಡಿಯೊಂದರಲ್ಲಿ ಯಾರೋ ಹುಡುಗಿ ಇವರನ್ನು "ಸೀರೆ ಕಳ್ಳ ಅಂಕಲ್" ಅಂತ ಗುರುತು ಹಿಡಿದಳು. ಇವರೂ ನಕ್ಕರು. ಆ ಅಂಕಣದ ಕಾಗುಣಿತ ತಿದ್ದಿ ಕೊಟ್ಟವರೂ ಇವರೇ. ನನ್ನ ಬರಹವನ್ನೆಲ್ಲ ಮೊದಲು ಓದುತ್ತಿದ್ದವರು ಅವರು. ನಗುತ್ತಿರುವ ಗಂಡನಿಗೆ ನೋವಾಗಿದೆಯಾ ಅಂತ ಯಾವ ಹೆಂಡತಿ ಕೇಳುತ್ತಾಳೆ? ನಾನಂತೂ ಕೇಳಲಿಲ್ಲ.

ಈ ಚಳಿಗಾಲದಲ್ಲಿ ಅವರು ಹೋದರು. ಹಾರ್ಟ್ ಅಟ್ಯಾಕ್. ಬೆಳಗ್ಗೆ ಕಾಫಿ ಕೇಳಿದವರು ಕಾಫಿ ತರುವಷ್ಟರಲ್ಲಿ ಇರಲಿಲ್ಲ. ಈ ಅಂಕಣ ಎರಡು ತಿಂಗಳು ಯಾಕೆ ನಿಂತಿತ್ತು ಅಂತ ಕೇಳಿದ್ದಿರಲ್ಲ, ಇದಕ್ಕೇ.

ಅವರ ಗಾಳದ ಸಾಮಾನನ್ನು ಇಮ್ತಿಯಾಜ್ ಭಾಯಿಗೆ ಕೊಡೋಣ ಅಂದುಕೊಂಡೆ. ಅವರೂ ನಮ್ಮ ಮೈಸೂರಿನವರೇ. ಇಬ್ಬರೂ ಹದಿನೈದು ವರ್ಷ ಜೊತೆಯಾಗಿ ಮೀನು ಹಿಡಿದವರು (ಹಿಡಿದು ಮತ್ತೆ ಬಿಟ್ಟವರು. ಹಾಗಾದರೆ ಹಿಡಿಯುವುದು ಯಾಕೆ ಅಂತ ನನಗೆ ಕೊನೆಗೂ ಅರ್ಥವಾಗಲಿಲ್ಲ). ಫೋನ್ ಮಾಡಿದರೆ ಭಾಯಿ, "ಕೆರೆ ಹತ್ರಾನೇ ಬಂದು ಕೊಡಿ ಭಾಭಿ. ಸಾರ್ ಕೂರ್ತಿದ್ದ ಜಾಗ ಒಂದ್ಸಲ ನೋಡಿ. ನಾನೇ ಡ್ರೈವ್ ಮಾಡ್ತೀನಿ" ಅಂದರು.

ಉತ್ತರ ಜಾರ್ಜಿಯಾದ ಬೆಟ್ಟಗಳ ನಡುವಿನ ಸಣ್ಣ ಕೆರೆ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಇವರು ಕೂರುತ್ತಿದ್ದ ಬಂಡೆಯ ಮೇಲೆ ಕೂತು ಭಾಯಿ ನಾನು ತಂದಿದ್ದ ಹುಳದ ಡಬ್ಬಿ ತೆರೆದರು. ಒಳಗೆ ಸಾಲು ಸಾಲು ನಿಂಫ್‌ಗಳು. ಎಲ್ಲವೂ ಮೀನಿನ ಹಲ್ಲು ತಾಗಿ ತಾಗಿ ಕೆದರಿಹೋಗಿದ್ದವು. ಒಂದು ಮೂಲೆಯಲ್ಲಿ ಮಾತ್ರ ಆರು ಬೇರೆಯಾಗಿದ್ದವು. ಒಂದು ಎಳೆಯೂ ಕದಲಿರಲಿಲ್ಲ. ಮೈತುಂಬ ನನ್ನ ಜರಿ.

"ಇವು ಯಾಕೆ ಹೊಸದಾಗೇ ಇವೆ?" ಅಂದೆ.

ಭಾಯಿ ಅದರಲ್ಲೊಂದನ್ನು ಅಂಗೈ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು: "ಇವನ್ನ ಸಾರ್ ನೀರಿಗೆ ಹಾಕ್ಲೇ ಇಲ್ಲ ಭಾಭಿ. ಪ್ರತಿ ಸಲ ಓಪನ್ ಮಾಡಿ ನೋಡೋರು, ಮುಚ್ಚೋರು. ಒಂದು ಟ್ರೈ ಮಾಡಿ ಸಾರ್ ಅಂದ್ರೆ, ಓನರ್ ಪರ್ಮಿಷನ್ ಕೊಟ್ಟಿಲ್ಲ ಕಣಪ್ಪ, ಅವಳ ಸಿಟ್ಟು ಇಳೀಲಿ ಅನ್ನೋರು."

ಸಿಟ್ಟು! ನನ್ನ ಸಿಟ್ಟು ಆ ಅಂಕಣ ಅಚ್ಚಾದ ದಿನವೇ ಇಳಿದುಹೋಗಿತ್ತು. ನಿಮ್ಮ ಮೇಲ್‌ಗಳಿಗೆಲ್ಲ "ಅಯ್ಯೋ, ಸುಮ್ಮನೆ ತಮಾಷೆಗೆ ಬರೆದೆ, ಸೀರೆ ಹೋದರೆ ಹೋಯಿತು" ಅಂತ ಉತ್ತರ ಬರೆದಿದ್ದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರಿಗೆ ಅದನ್ನು ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹೇಳದೆಯೂ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದರೆ ಇಂಥ ಸೋಮಾರಿತನ ಬಂದುಬಿಡುತ್ತದೆ.

"ಒಂದು ಕಟ್ಟಿ ಕೊಡಿ ಭಾಯಿ" ಅಂದೆ.

ಅವರು ದಾರಕ್ಕೆ ಕಟ್ಟಿ ಕೊಟ್ಟರು. ಕೈ ಹಿಡಿದು ಎಸೆಯುವುದನ್ನು ತೋರಿಸಿದರು. ಮೂರನೆಯ ಸಲಕ್ಕೆ ಸರಿಯಾಗಿ ಬಿತ್ತು. "ಅರ್ಜೆಂಟ್ ಮಾಡ್ಬೇಡಿ. ತಳ ಮುಟ್ಲಿ" ಅಂದರು. ಜರಿ ಒಮ್ಮೆ ಮಿಂಚಿ ಕೆಳಗೆ ಇಳಿಯಿತು. ಕಾದೆ. ಮೆಲ್ಲಗೆ ಎಳೆದರೆ ಬರಲಿಲ್ಲ. ಮೀನಲ್ಲ, ಮುಳುಗಿದ್ದ ಯಾವುದೋ ಮರದ ಕೊಂಬೆ. ಇನ್ನೂ ಸ್ವಲ್ಪ ಎಳೆದೆ, ದಾರ ತುಂಡಾಯಿತು.

"ಅಯ್ಯೋ, ಸಾರಿ ಭಾಭಿ, ನಾನು ಸರಿಯಾಗಿ ಹೇಳ್ಲಿಲ್ಲ" ಅಂತ ಭಾಯಿ ಪೇಚಾಡಿದರು. ನಾನು ಅಳುತ್ತಿದ್ದುದು ಅದಕ್ಕಲ್ಲ ಅಂತ ಅವರಿಗೂ ಗೊತ್ತಿತ್ತು.

ಉಳಿದ ಐದನ್ನೂ ಭಾಯಿಯ ಕೈಗೇ ಕೊಟ್ಟೆ. ಶೋಕೇಸಿನಲ್ಲಿ ಇಡಬಾರದು, ಎಲ್ಲವನ್ನೂ ನೀರಿಗೆ ಹಾಕಬೇಕು, ಎಲ್ಲವೂ ಮೀನಿನ ಹಲ್ಲಿಗೆ ಸಿಕ್ಕಿ ಕೆದರಬೇಕು ಅಂತ ಮಾತು ತೆಗೆದುಕೊಂಡೆ. ಮನೆಗೆ ಬಂದು ಸೀರೆ ಬಿಡಿಸಿ ಆ ತುದಿ ನೋಡಿದೆ. ಬೆರಳುದ್ದವೂ ಇಲ್ಲ ಕತ್ತರಿಸಿದ್ದು.

ಈ ಸಲ ಕಾಗುಣಿತ ತಿದ್ದುವವರಿಲ್ಲ, ತಪ್ಪಿದ್ದರೆ ಹಾಗೇ ಓದಿಕೊಳ್ಳಿ. ಸಿಟ್ಟು ಇಳಿದಿದೆ ಅಂತ ನಿಮಗೆಲ್ಲ ಎರಡನೆಯ ಸಲ ಹೇಳಿದ್ದಾಯಿತು. ಅವರಿಗೆ ಹೇಗೆ ಹೇಳಲಿ?