ಅರವತ್ತು ಕೆ.ಜಿ.ಯ ಪೈಲ್ವಾನ

ಅವನ ಕಿವಿಗಳೆರಡೂ ಮುದುಡಿ, ನಾದಿಟ್ಟ ಹಿಟ್ಟಿನ ಉಂಡೆಗಳಂತೆ ತಲೆಗೆ ಅಂಟಿಕೊಂಡಿದ್ದವು. ದಾಸರಹಳ್ಳಿಯ ನನ್ನ ಖಾನಾವಳಿಗೆ ಮೊದಲ ಸಲ ಬಂದಾಗ, ಪಾಪ, ಯಾವುದೋ ಮಷೀನಿಗೆ ಸಿಕ್ಕಿಸಿಕೊಂಡನೇನೋ ಎಂದುಕೊಂಡೆ. "ಕುಸ್ತಿ ಕಿವೀರಿ, ಅಕ್ಕಾರ" ಎಂದು ನಕ್ಕ. ಅಂದಿನಿಂದ ಅವನು ನನಗೆ ಪೈಲ್ವಾನ.

ಪೀಣ್ಯದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಮುಂಜಾನೆ ಸಂಜೆ ತಾಲೀಮು. ಊರಿನ ಕೆಂಪು ಮಣ್ಣಿನಲ್ಲಿ ಎದುರಾಳಿಯ ಕಾಲೆಳೆದು ಬೆಳೆದವನು ಇಲ್ಲಿ ಗ್ರೀಕೋ-ರೋಮನ್ ಎಂಬ ಮ್ಯಾಟ್ ಕುಸ್ತಿ ಹಿಡಿದಿದ್ದ. ಅದರಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲವಂತೆ. ಎದೆಗೆ ಎದೆ ಕೊಟ್ಟು, ತಬ್ಬಿ, ಎತ್ತಿ ಒಗೆಯಬೇಕು. ನನ್ನ ಜೋಳದ ಚೀಲವನ್ನೂ ಹಾಗೇ ತಬ್ಬಿಕೊಂಡು ಮಹಡಿಗೆ ತರುತ್ತಿದ್ದ. ಹೆಗಲ ಮೇಲೆ ಹೊರೋ ಮಾರಾಯ ಎಂದರೆ ಕೇಳಬೇಕಲ್ಲ! ನಾಲ್ಕು ವರ್ಷದಲ್ಲಿ ರಾಜ್ಯದ ಚಾಂಪಿಯನ್ ಆದ, ಆಮೇಲೆ ರಾಷ್ಟ್ರದ್ದೂ ಆದ. ಪದಕ ಬಂದಾಗಲೆಲ್ಲ ಮೊದಲು ನನ್ನ ಒಲೆಯ ಮುಂದೆ ತಂದು ತೋರಿಸುತ್ತಿದ್ದ.

ಆ ವರ್ಷ ಭಾರತ ತಂಡದ ಆಯ್ಕೆ ಬೆಂಗಳೂರಿನಲ್ಲೇ ಇತ್ತು. ಗೆದ್ದರೆ ವಿದೇಶಕ್ಕೆ. ಅದೊಂದಕ್ಕಾಗಿಯೇ ಅವನು ಅಷ್ಟು ವರ್ಷ ಮೈ ಮುರಿದಿದ್ದು. ಅವನದು ಅರವತ್ತು ಕೆ.ಜಿ. ವಿಭಾಗ. ಆಗೆಲ್ಲ ಕುಸ್ತಿಯ ಹಿಂದಿನ ಸಂಜೆ ತೂಕ ನೋಡುತ್ತಿದ್ದರು. ಒಂದು ಗುಲಗಂಜಿ ಹೆಚ್ಚಾದರೂ ಹೊರಗೆ. ಎರಡು ದಿನದಿಂದ ಉಪವಾಸವಿದ್ದು, ತೂಕದ ದಿನ ಮಧ್ಯಾಹ್ನ ಹೇಳಿಹೋಗಲು ಬಂದ. ತುಟಿ ಒಡೆದಿತ್ತು, ಕಣ್ಣುಗಳು ಗುಳಿಬಿದ್ದಿದ್ದವು.

"ತೂಕ ಆಗೂತನಕ ನೀರೂ ಬ್ಯಾಡ್ರಿ" ಎಂದ. ನಾನು ಮಜ್ಜಿಗೆ ತಂದು ಮುಂದೆ ಹಿಡಿದೆ. ಒಂದು ಲೋಟ ಮಜ್ಜಿಗೆಗೆ ಏನು ಮುಳುಗಿಹೋಗುತ್ತದೆ? "ಕುಡೀಲಿಲ್ಲಂದ್ರ ನನ್ನ ಆಣಿ ಐತಿ ನೋಡು" ಎಂದುಬಿಟ್ಟೆ. ನಮ್ಮ ಕಡೆ ಆಣೆಯಿಟ್ಟರೆ ಮುಗಿಯಿತು. ಲೋಟ ನೋಡಿದ, ನನ್ನ ಮುಖ ನೋಡಿದ, ಗಟಗಟ ಕುಡಿದ.

ಮರುದಿನ ಸಂಜೆ ತಲೆ ಬೋಳಿಸಿಕೊಂಡು ಊಟಕ್ಕೆ ಬಂದ. "ಸೋತೆನ್ರಿ. ಮುಡಿ ಹರಕಿ ಇತ್ತು, ತೀರಿಸಿದೆ." ನಂಬಿದೆ, ಪೆದ್ದಿ ನಾನು!

ಎರಡು ದಿನ ಕಳೆದು ಅವನ ಕೋಚ್ ಬಂದು ನನ್ನ ಮೇಲೆ ಹರಿಹಾಯ್ದರು. "ಏನಮ್ಮ ನೀವು, ತೂಕದ ದಿನ ಮಜ್ಜಿಗೆ ಕುಡಿಸ್ಬಿಟ್ರಲ್ಲ! ಗದರಿಸಿ ಕೇಳಿದ್ಮೇಲೆ ಇವತ್ತು ಬಾಯ್ಬಿಟ್ಟ. ಓಡ್ದ, ಹಗ್ಗ ಹಾರ್ದ, ಕೊನೆಗೆ ತಲೆಗೂದ್ಲೂ ತೆಗೆಸ್ದ. ಆದ್ರೂ ಐವತ್ತು ಗ್ರಾಂ ಜಾಸ್ತಿ ಬಂತು ಕಣ್ರೀ. ಮ್ಯಾಟ್ ಮೇಲೆ ಕಾಲಿಡೋಕೂ ಬಿಡ್ಲಿಲ್ಲ."

ಅವತ್ತು ರಾತ್ರಿಯ ಅಡುಗೆ ಮಾಡಲಿಲ್ಲ. ಪೈಲ್ವಾನ ಬಂದಾಗ ಅವನ ಮೇಲೆಯೇ ರೇಗಿದೆ: "ಒಂದು ಮಾತು ಬೈಬಾರದಿತ್ತೇನೋ?"

"ಬೈದಿದ್ರ, ನಾಳಿಂದ ಹಸದವ್ರಿಗೆ ನೀಡಾಕ ನಿಮ್ಮ ಕೈ ಅಂಜತಿತ್ರಿ" ಎಂದ. ಆಮೇಲೆ ತಾನೇ ಒಲೆ ಹೊತ್ತಿಸಿದ.

ಮುಂದೆ ಎರಡು ಸಲ ರಾಷ್ಟ್ರದ ಚಿನ್ನ ಗೆದ್ದ. ಭಾರತ ತಂಡದ ಅವಕಾಶ ಮಾತ್ರ ಮತ್ತೆ ಬರಲಿಲ್ಲ. ಭುಜ ಕೆಟ್ಟಿತು, ವಯಸ್ಸೂ ಮೀರಿತು. ಊರಿಗೆ ಹೋಗಿ ಕುಸ್ತಿ ಕಲಿಸುತ್ತಿದ್ದವನು ಅಲ್ಲೇ ಕಾಮಾಲೆಯಾಗಿ ತೀರಿಕೊಂಡ. ಸುದ್ದಿ ನನಗೆ ಮುಟ್ಟಿದ್ದು ವಾರ ಕಳೆದ ಮೇಲೆ.

ಸಾಯುವ ಮೊದಲಿನ ಬೇಸಿಗೆಯಲ್ಲಿ ನನ್ನನ್ನು ನೋಡಲು ಬಂದಿದ್ದ. ಊಟಕ್ಕೆ ಕೂತಾಗ, ವರ್ಷಗಟ್ಟಲೆ ಗಂಟಲಲ್ಲೇ ಇದ್ದದ್ದನ್ನು ಕೇಳಿಯೇಬಿಟ್ಟೆ: "ಖರೇ ಹೇಳು ತಮ್ಮಾ. ಅವತ್ತು ಆಡಿದ್ರ ಗೆಲ್ತಿದ್ದೇನು?"

ತುತ್ತು ನುಂಗಿ ಹೇಳಿದ: "ಗೆಲ್ತಿದ್ದೆನ್ರಿ, ಅಕ್ಕಾರ."

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವನು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಳು ನಿಂತ ಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದ.

"ಇನ್ನೊಂದು ರೊಟ್ಟಿ ನೀಡ್ರಿ."

ನೀಡಿದೆ.